ಗುಂಡಿ ಡಬ್ಬಿಯಲ್ಲಿ ಲ್ಯಾಪ್‌ಟಾಪ್

ಸೆಪ್ಟೆಂಬರ್ ೨, ಸೋಮವಾರ

ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯುವಾಗ ಎಡಮೂಲೆಯಲ್ಲಿ ಟಕ್ ಎಂದಿತು. ಒಣಕಡ್ಡಿ ಮುರಿದಂಥ ಸದ್ದು. ಪರದೆ ಬೆಳಗುತ್ತಲೇ ಇತ್ತು, ಆದರೆ ಕೈ ಬಿಟ್ಟ ಕೂಡಲೇ ನಿದ್ದೆಗಣ್ಣಿನವರ ತಲೆಯ ಹಾಗೆ ಹಿಂದಕ್ಕೆ ವಾಲಿತು. ಕೀಲಿನ ಹತ್ತಿರ ಪ್ಲಾಸ್ಟಿಕ್ ಬಾಯಿ ಬಿಟ್ಟಿದೆ. ಒಳಗಿನ ಹಸಿರು ಹಲಗೆಯ ಅಂಚು, ಒಂದೆರಡು ಎಳೆ ತಂತಿ ಕಾಣುತ್ತವೆ. ಯಾರದೋ ಮನೆಯ ಕಿಟಕಿಯಲ್ಲಿ ಇಣುಕಿದ ಹಾಗೆ ಸಂಕೋಚವಾಗಿ ಮುಖ ತಿರುಗಿಸಿದೆ.

ಇದು ಈಗಲೇ ಆಗಬೇಕಿತ್ತೆ? ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದ ಶಾಲೆಯವರು ಮಾದರಿ ಪಾಠಕ್ಕೆ ಕರೆದಿರುವುದು ಹದಿನಾರನೇ ತಾರೀಕಿಗೆ, ವಿಡಿಯೊದಲ್ಲಿ. ಫೋನು ಬೇಡ, ಕಂಪ್ಯೂಟರ್‌ನಲ್ಲೇ ಬನ್ನಿ, ಪಾಠದ ಪುಟ ಪರದೆಯ ಮೇಲೆ ತೋರಿಸಬೇಕಾಗುತ್ತದೆ ಎಂದು ಬರೆದಿದ್ದಾರೆ. ಹಿಂದೆ ಇನ್ನೊಂದು ಶಾಲೆಯಲ್ಲಿ ಎದುರಿಗೇ ನಿಲ್ಲಿಸಿ ಪಾಠ ಮಾಡಿಸಿದ್ದರು. "ಸ್ವಲ್ಪ ಜೋರಾಗಿ" ಎಂದರು. "ಇನ್ನೂ ಸ್ವಲ್ಪ" ಎಂದರು. ಆಮೇಲೆ ಏನೂ ಅನ್ನಲಿಲ್ಲ. ವಿಡಿಯೊ ಎಂದಾಗ ಜೀವ ಬಂದಿತ್ತು. ಒಳಕೋಣೆಯ ಬಾಗಿಲು ಹಾಕಿಕೊಂಡು ಗೋಡೆಗೆ ಹೇಳಿದ ಹಾಗೆ ಹೇಳಿಬಿಡಬಹುದು ಅಂದುಕೊಂಡಿದ್ದೆ.

ಅಮ್ಮನ ಬಲಭುಜ ಮತ್ತೆ ಹಿಡಿದುಕೊಂಡಿದೆ. ಹೊಲಿಗೆ ಕಡಿಮೆ ಮಾಡಿ ಅಂದರು ಡಾಕ್ಟರು. "ಆಯ್ತು ಡಾಕ್ಟ್ರೇ" ಎಂದು ತಲೆಯಾಡಿಸಿ ಬಂದವಳು ಅದೇ ಸಂಜೆ ಯೂನಿಫಾರ್ಮಿನ ಇನ್ನೊಂದು ಗಂಟು ಒಪ್ಪಿಕೊಂಡಳು. ನನಗೆ ಈ ಕೆಲಸ ಸಿಕ್ಕರೆ ಮುಂದಿನ ಗಂಟನ್ನು ಬೇಡ ಅನ್ನಬಹುದು. ನನಗೆ ಬೇಕಾಗಿರುವುದು ಇಷ್ಟೇ.

ರಿಪೇರಿ ಅಂಗಡಿಯವರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. "ಕೆಳಗಿನ ಕವಚವೇ ಬದಲಾಯಿಸ್ಬೇಕಮ್ಮ. ಈ ಮಾಡೆಲ್ಲು ಹಳೇದು, ತರಿಸೋಕೆ ಒಂದು ತಿಂಗಳಾದ್ರೂ ಬೇಕು" ಎಂದರು. ಬಸ್ಸಿನಲ್ಲಿ ಅದನ್ನು ಎದೆಗವಚಿಕೊಂಡು ಬಂದೆ. ನಮ್ಮ ನಿಲ್ದಾಣ ಬಂದಾಗ ಬಾಗಿಲ ಬಳಿ ಇಬ್ಬರು ಮಾತಾಡುತ್ತ ನಿಂತಿದ್ದರು. ಜಾಗ ಬಿಡಿ ಎನ್ನಲು ಬಾಯಿ ಬರಲಿಲ್ಲ. ಮುಂದಿನ ನಿಲ್ದಾಣದಲ್ಲಿ ಅವರೇ ಇಳಿದರು, ಅವರ ಹಿಂದೆ ನಾನೂ ಇಳಿದು, ನಡೆದು ಬಂದೆ.

ಸೆಪ್ಟೆಂಬರ್ ೩, ಮಂಗಳವಾರ

ಮಾವ ಬಂದಿದ್ದರು. ಅಮ್ಮನ ತಮ್ಮ. ಕಾರು ಕಲಿಸುವುದು ಅವರ ಕೆಲಸ. ದಿನವಿಡೀ "ನಿಧಾನ, ನಿಧಾನ" ಎಂದು ಹೇಳಿ ಹೇಳಿ ಅವರ ಪಾಲಿನ ನಿಧಾನವೆಲ್ಲ ಅಲ್ಲೇ ಖರ್ಚಾಗಿಹೋಗುತ್ತದೆ. ಮನೆಗೆ ಬರುವಾಗ ಆತುರ ಒಂದೇ ಉಳಿದಿರುತ್ತದೆ.

"ಏ ಪಿಸುಮಾತು, ಇದಕ್ಕೆ ಯಾಕೆ ಇಷ್ಟು ಮುಖ ಬಾಡಿಸ್ಕೊಂಡಿದೀಯ? ಒಂದು ತೊಟ್ಟು ಅಂಟು, ಒಂದು ನಿಮಿಷ, ಆಮೇಲೆ ಆನೆ ಬಂದು ಎಳೆದ್ರೂ ಬಿಡಲ್ಲ."

ನಾನು ಬೇಡ ಅನ್ನುವಷ್ಟರಲ್ಲಿ ಜೇಬಿನಿಂದ ದಿಢೀರ್ ಅಂಟು ತೆಗೆದು ಬಿರುಕಿಗೆ ಹಿಂಡಿಬಿಟ್ಟರು. ಪ್ಲಾಸ್ಟಿಕ್ಕಿಗಿಂತ ಮೊದಲು ಮಾವನ ತೋರುಬೆರಳು ಹೆಬ್ಬೆರಳು ಅಂಟಿಕೊಂಡವು. ಅಮ್ಮ ಬಿಸಿನೀರು ತಂದಳು. "ನೋಡೋ, ಆನೆ ಎಳೆದ್ರೂ ಬಿಡ್ತಿಲ್ಲ" ಎಂದಳು.

ಆಮೇಲೆ ಪರದೆ ಎತ್ತಿದೆ. ಟಕ್. ಮೊದಲಿಗಿಂತ ದೊಡ್ಡ ಬಿರುಕು. ಮಾವನ ಮುಖ ನನ್ನದಕ್ಕಿಂತ ಸಣ್ಣದಾಯಿತು. ಬೈಯಬೇಕೆನಿಸಲಿಲ್ಲ. ನನಗೋಸ್ಕರ ಬೆರಳು ಅಂಟಿಸಿಕೊಳ್ಳುವವರು ಲೋಕದಲ್ಲಿ ಎಷ್ಟು ಜನ ಇದ್ದಾರೆ?

ಸೆಪ್ಟೆಂಬರ್ ೫, ಗುರುವಾರ

ಈಗ ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದೇನೆ. ಡಬ್ಬಿ ಸರಿದರೆ ಪರದೆಯೂ ಸರಿಯುತ್ತದೆ. ಪರದೆಯಲ್ಲಿ ಆಗಾಗ ಗೆರೆಗಳು ಓಡುತ್ತವೆ. ಒಳಗಿನ ತಂತಿ ಎಳೆದಾಡುತ್ತಿರಬೇಕು. ಹೀಗೇ ಬಿಟ್ಟರೆ ಹದಿನಾರರವರೆಗೆ ಬದುಕುವುದಿಲ್ಲ.

ಮನೆಯಲ್ಲೇ ಸರಿಮಾಡುವ ವಿಡಿಯೊಗಳನ್ನು ಅಮ್ಮನ ಫೋನಿನಲ್ಲಿ ನೋಡಿದೆ. ಎಲ್ಲರೂ ಹೇಳುವುದು ಒಂದೇ ಮಾತು: ಕೀಲು ಮುರಿಯುವುದಿಲ್ಲ. ಅದು ವರ್ಷಗಟ್ಟಲೆ ಬಿಗಿಯಾಗುತ್ತ ಹೋಗುತ್ತದೆ. ಪರದೆ ಎತ್ತಿದಾಗೆಲ್ಲ ತನ್ನನ್ನು ಹಿಡಿದಿರುವ ಪ್ಲಾಸ್ಟಿಕ್ಕನ್ನು ಎಳೆಯುತ್ತದೆ. ಒಂದು ದಿನ ಪ್ಲಾಸ್ಟಿಕ್ ಸೋಲುತ್ತದೆ.

ಅಮ್ಮನಿಗೆ ಇದನ್ನು ಹೇಳಿದೆ. ಅವಳು ಮಷೀನಿನಿಂದ ಕಣ್ಣೆತ್ತದೆ, "ಇನ್ನೇನು? ಕೋಟಿನ ಗುಂಡಿ ಯಾವತ್ತಾದ್ರೂ ಮುರಿಯತ್ತಾ? ಬಟ್ಟೆ ಹರಿದು ಗುಂಡಿ ಕೈಗೆ ಬರತ್ತೆ" ಎಂದಳು.

"ಹಾಗಾದ್ರೆ ಏನ್ ಮಾಡ್ತೀಯ?"

"ಹಿಂದುಗಡೆ ಒಂದು ತುಂಡು ಕೊಟ್ಟು ಹೊಲೀತೀನಿ. ಮತ್ತೆ ಆ ಗುಂಡಿ ಹಾಕ್ಕೊಳ್ಳೋರಿಗೆ ಹೇಳ್ತೀನಿ, ಸ್ವಲ್ಪ ಹೊಟ್ಟೆ ಸಡಿಲ ಬಿಡಿ ಅಂತ."

ಹೊಲಿಗೆಗೆ ಬಂದವರು ಕೂರುವ ಮುಂಗೋಣೆಯ ಬೆಂಚಿನ ಮೇಲೆ ಕಾಯುತ್ತಿದ್ದ ನರ್ಸಮ್ಮ ಗೊಳ್ಳೆಂದು ನಕ್ಕರು. ನರ್ಸಮ್ಮ ನಿವೃತ್ತರು. ಒಂದು ವಾರ ಅಂಗಿ ಬಿಗಿ ಎಂದು ಬರುತ್ತಾರೆ, ಇನ್ನೊಂದು ವಾರ ಸಡಿಲ ಎಂದು ಬರುತ್ತಾರೆ. ಅಮ್ಮ ಅಂಗಿಯನ್ನು ಒಳಗೆ ಕೊಂಡೊಯ್ದು, ಏನೂ ಮಾಡದೆ ಇಸ್ತ್ರಿ ಹಾಕಿ ಕೊಡುವುದನ್ನು ನಾನು ನೋಡಿದ್ದೇನೆ. ಪ್ರತಿಸಲವೂ "ಈಗ ಸರಿಹೋಯ್ತು ನೋಡಿ ಟೇಲರಮ್ಮ" ಎಂದು ಖುಷಿಯಾಗಿ ಹೋಗುತ್ತಾರೆ.

ಹಿಂದುಗಡೆ ಒಂದು ತುಂಡು. ಅದೇ ತಲೆಯಲ್ಲಿ ಸುತ್ತುತ್ತಿದೆ.

ಸೆಪ್ಟೆಂಬರ್ ೮, ಭಾನುವಾರ

ಬಿಚ್ಚಿದೆ!

ಮಾವ ಪ್ರಾಯಶ್ಚಿತ್ತವಾಗಿ ಪುಟ್ಟ ಸ್ಕ್ರೂಡ್ರೈವರುಗಳ ಪೆಟ್ಟಿಗೆ ತಂದುಕೊಟ್ಟರು. "ನಾನು ಮುಟ್ಟಲ್ಲಪ್ಪ" ಎಂದು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಅಮ್ಮನ ಕತ್ತರಿಸುವ ಮೇಜಿನ ಮೇಲೆ ಹಾಳೆ ಹಾಸಿ, ಲ್ಯಾಪ್‌ಟಾಪ್ ಬೋರಲು ಮಲಗಿಸಿ, ಅದರ ಆಕಾರವನ್ನೇ ಹಾಳೆಯ ಮೇಲೆ ಬರೆದುಕೊಂಡೆ. ಯಾವ ಸ್ಕ್ರೂ ಎಲ್ಲಿಂದ ಬಂತೋ ಚಿತ್ರದಲ್ಲಿ ಅಲ್ಲೇ ಇಟ್ಟೆ. ಕವಚದ ಅಂಚು ಬಿಡಿಸಲು ತೆಳ್ಳಗಿನ ಗಟ್ಟಿ ಬಿಲ್ಲೆಯಂಥದ್ದು ಬೇಕಿತ್ತು. ಏನೂ ಸಿಗದೆ ಕಾಲೇಜಿನ ಗುರುತಿನ ಚೀಟಿ ತೂರಿಸಿದೆ. ಸಲೀಸಾಗಿ ಬಂತು.

"ನೋಡಿದ್ಯಾ ಅಕ್ಕ, ಸಾಹಿತ್ಯ ಓದಿದ್ದು ಕೊನೆಗೂ ಉಪಯೋಗಕ್ಕೆ ಬಂತು" ಎಂದರು ಮಾವ.

ಬ್ಯಾಟರಿಯ ತಂತಿಯನ್ನು ಮೊದಲು ಕಿತ್ತೆ. ಕೀಲಿನ ಬುಡ ಕಂಡಿತು. ಪ್ಲಾಸ್ಟಿಕ್ಕಿನ ಕಂಬಗಳೊಳಗೆ ಕೂತು ಕೀಲಿನ ಸ್ಕ್ರೂ ಹಿಡಿಯುತ್ತಿದ್ದ ಪುಟ್ಟ ಹಿತ್ತಾಳೆ ಬಿಲ್ಲೆಗಳು ಕಂಬ ಸಮೇತ ಕಿತ್ತು ಬಂದಿವೆ. ಅಮ್ಮ ಹೇಳಿದ್ದೇ ಸರಿ, ಗುಂಡಿಗೆ ಏನೂ ಆಗಿಲ್ಲ. ಬಟ್ಟೆ ಹರಿದಿದೆ.

ಪಾಠ ಅಭ್ಯಾಸ ಮಾಡುವುದು ಹೇಗೆ ಈಗ? ಕ್ಯಾಮೆರಾ ಇಲ್ಲ. ಅಮ್ಮ, "ನನಗೇ ಹೇಳು. ಕೈಗೆ ಬಿಡುವಿಲ್ಲ, ಕಿವಿ ಖಾಲಿ ಬಿದ್ದಿದೆ" ಎಂದಳು.

ಹೇಳಿದೆ. ಆದರೆ ಅಮ್ಮ ಮಷೀನು ತುಳಿಯುವುದನ್ನು ನಿಲ್ಲಿಸಲೇ ಇಲ್ಲ. ಕಟಕಟಕಟ. "ಏನಂದೆ? ಕೇಳಿಸ್ಲಿಲ್ಲ." ಮತ್ತೆ ಹೇಳಿದೆ. "ಆಂ?" ಸಿಟ್ಟು ಬಂತು. ಗಂಟಲು ನೋಯುತ್ತಿದೆ. ಆದರೂ ಪೂರ್ತಿ ಪಾಠ ಕೇಳಿದಳು. ಅಷ್ಟು ತಾಳ್ಮೆ ಯಾರಿಗಿರುತ್ತದೆ?

ಸೆಪ್ಟೆಂಬರ್ ೯, ಸೋಮವಾರ

ಏನೆಂದು ಬರೆಯಲಿ.

ಅಂಟು ತರಲು ಹೋಗಿದ್ದೆ. ಎರಡು ಟ್ಯೂಬಿನದು, ಒಂದಕ್ಕೊಂದು ಕಲಸಿ ಹಚ್ಚುವಂಥದ್ದು. ಬಂದು ನೋಡಿದರೆ ಮೇಜು ಕನ್ನಡಿಯ ಹಾಗೆ ಹೊಳೆಯುತ್ತಿದೆ. ಹಾಳೆ ಮಡಚಿ ಗೋಡೆಗೆ ಒರಗಿಸಿದೆ. ಸ್ಕ್ರೂ ಒಂದೂ ಇಲ್ಲ.

"ಅಮ್ಮಾ, ಸ್ಕ್ರೂಗಳೆಲ್ಲಿ?"

"ಹಾಳೆ ತುಂಬ ಚೆಲ್ಲಾಪಿಲ್ಲಿ ಬಿದ್ದಿದ್ವು ಕಣೇ. ಎಲ್ಲ ಜೋಡಿಸಿ ಇಟ್ಟಿದೀನಿ" ಎಂದಳು, ಹೆಮ್ಮೆಯಿಂದ.

ಗುಂಡಿ ಡಬ್ಬಿ ತೆರೆದಳು. ಅದರಲ್ಲಿ ಖಾನೆಗಳಿವೆ. ಬಿಳಿ ಗುಂಡಿ, ಕಪ್ಪು ಗುಂಡಿ, ಕಂದು ಗುಂಡಿ, ಕೊಕ್ಕೆ. ನನ್ನ ಸ್ಕ್ರೂಗಳನ್ನು ಬಣ್ಣ ನೋಡಿ ವಿಂಗಡಿಸಿದ್ದಾಳೆ! ಕಪ್ಪು ಸ್ಕ್ರೂಗಳು ಕಪ್ಪು ಗುಂಡಿಗಳ ಜೊತೆ, ಬೆಳ್ಳಿಬಣ್ಣದವು ಕೊಕ್ಕೆಗಳ ಜೊತೆ. ಉದ್ದ ಗಿಡ್ಡ ಎಲ್ಲ ಒಂದೇ ಮನೆಯಲ್ಲಿ. ಹೊಲಿಗೆಯವಳ ಕಣ್ಣು ಚೆಲ್ಲಿದ್ದು ಯಾವುದನ್ನೂ ಸಹಿಸುವುದಿಲ್ಲ, ಅದು ನನಗೆ ಗೊತ್ತಿರಬೇಕಿತ್ತು. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಕೀಲಿಮಣೆಯ ಪಕ್ಕ ತೂತು ಬೀಳುತ್ತದೆ ಎಂದು ವಿಡಿಯೊದವರು ಪದೇ ಪದೇ ಎಚ್ಚರಿಸಿದ್ದರು. ನಾನೇ ಒಂದು ಫೋಟೊ ತೆಗೆದುಕೊಂಡಿದ್ದರೂ ಆಗುತ್ತಿತ್ತು, ತೆಗೆಯಲಿಲ್ಲ.

ವಿಷಯ ತಿಳಿದಾಗ ಅಮ್ಮ ಕೂತುಬಿಟ್ಟಳು. "ನಿನ್ನ ಕೆಲಸಕ್ಕೆ ನಾನೇ ಕಲ್ಲು ಹಾಕಿದ್ನಲ್ಲೇ" ಎಂದಳು. ಅವಳ ಕಣ್ಣಲ್ಲಿ ನೀರು ನೋಡಿ ನನ್ನ ಸಿಟ್ಟು ಎಲ್ಲಿ ಹೋಯಿತೋ. "ಕಲ್ಲಲ್ಲಮ್ಮ, ಗುಂಡಿ ಹಾಕಿದೀಯ" ಎಂದೆ. ನಕ್ಕಳು, ಮೂಗು ಒರೆಸಿಕೊಂಡಳು.

ಸೆಪ್ಟೆಂಬರ್ ೧೦, ಮಂಗಳವಾರ

ಕೆಲಸ ಸಾಗಿತು.

ಕೋಟಿನ ಕಾಲರ್ ಒಳಗೆ ಹಾಕುವ ಗಟ್ಟಿ ಕ್ಯಾನ್ವಾಸು ಇದೆಯಲ್ಲ, ಅದರದ್ದೊಂದು ತುಂಡನ್ನು ಅಮ್ಮ ಬಿರುಕಿನ ಆಕಾರಕ್ಕೆ ಕತ್ತರಿಸಿದಳು. ಅಂಚು ಬಿಚ್ಚಿಕೊಳ್ಳದ ಹಾಗೆ ಓರೆಯಾಗಿ. ನಾನು ಅಂಟು ಕಲಸಿ ಹಿತ್ತಾಳೆ ಬಿಲ್ಲೆಗಳನ್ನು ಅವುಗಳ ಜಾಗದಲ್ಲಿ ಕೂರಿಸಿದೆ. ಆಮೇಲೆ ಕ್ಯಾನ್ವಾಸನ್ನು ಅಂಟಿನಲ್ಲಿ ನೆನೆಸಿ ಸುತ್ತಲೂ ಒತ್ತಿದೆ. ಬಿಲ್ಲೆಯ ತೂತಿಗೆ ಅಂಟು ಇಳಿಯದಂತೆ ಅಮ್ಮ ಮೇಣದಬತ್ತಿ ತಿಕ್ಕಿದ ಗುಂಡುಸೂಜಿಗಳನ್ನು ಚುಚ್ಚಿ ನಿಲ್ಲಿಸಿದಳು. ಈ ಉಪಾಯ ಯಾವ ವಿಡಿಯೊದಲ್ಲೂ ಇಲ್ಲ.

ಕೀಲಿನ ಕೊನೆಯ ನಟ್ಟನ್ನು ಸ್ವಲ್ಪವೇ ಸ್ವಲ್ಪ ಸಡಿಲಿಸಿ ಮಷೀನಿನ ಎಣ್ಣೆ ಒಂದು ಹನಿ ಬಿಟ್ಟೆ. ಬೆರಳಲ್ಲಿ ತಿರುಗಿಸಿದರೆ ಈಗ ಮಾತು ಕೇಳುತ್ತದೆ.

ಅಂಟು ಗಟ್ಟಿಯಾಗಲಿ ಎಂದು ಬಿಟ್ಟು, ಪಾಠ ಒಪ್ಪಿಸಿದೆ. ಇವತ್ತು ನರ್ಸಮ್ಮನೂ ಇದ್ದರು, ಅಂಗಿ ಸಡಿಲ. ಮೊದಲಿನ ಪಾಠ ಬಿಟ್ಟು ಹೊಸದು ಮಾಡಿಕೊಂಡಿದ್ದೇನೆ: ಹೆಸರು ಹೇಳದೆ ಒಂದು ವಸ್ತುವನ್ನು ವರ್ಣಿಸುವುದು, ಕೇಳಿದವರು ಊಹಿಸುವುದು. ಕತ್ತರಿಯನ್ನು ವರ್ಣಿಸಿದೆ. "ನಮ್ಮ ಹೆಡ್ ನರ್ಸು!" ಎಂದರು ನರ್ಸಮ್ಮ. ಮಷೀನಿನ ಸದ್ದಿನ ನಡುವೆ ಮೂವರೂ ನಕ್ಕೆವು. ಒಂದು ವಿಚಿತ್ರ, ನಾನು ಪಾಠ ಹೇಳುವಷ್ಟು ಹೊತ್ತೂ ಅಮ್ಮ ತುಳಿಯುತ್ತಲೇ ಇದ್ದಳು, ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಪಾಪ, ಮಷೀನು ಏನೋ ತೊಂದರೆ ಕೊಡುತ್ತಿರಬೇಕು. ನಾಳೆ ಎಣ್ಣೆ ಬಿಡಬೇಕು.

ಸೆಪ್ಟೆಂಬರ್ ೧೨, ಗುರುವಾರ

ಮಧ್ಯಾಹ್ನ ಶಾಲೆಯಿಂದ ಫೋನು. ಮುಖ್ಯೋಪಾಧ್ಯಾಯಿನಿಯವರೇ. ಸೋಮವಾರ ಅವರಿಗೆ ಬೇರೆ ಸಭೆಯಂತೆ. "ನಾಳೆ ಬೆಳಿಗ್ಗೆನೇ ಪಾಠ ಇಟ್ಕೊಳ್ಳೋಣ್ವಾ?" ಲ್ಯಾಪ್‌ಟಾಪ್ ಇನ್ನೂ ಬೋರಲು ಬಿದ್ದಿತ್ತು. ಹನ್ನೊಂದು ಗಂಟೆಗೆ ಆದರೆ ಆಗುತ್ತದೆ, ಅದಕ್ಕೂ ಮುಂಚೆ ಬೇಡ, ನನ್ನ ಕಂಪ್ಯೂಟರ್ ಆಪರೇಷನ್ ಆಗಿ ಮಲಗಿದೆ ಎಂದೆ. ಅವರು ನಕ್ಕು ಒಪ್ಪಿದರು.

ಜೋಡಿಸಲು ಕೂತೆವು. ಅಮ್ಮ ಗುಂಡಿ ಡಬ್ಬಿಯ ಪಕ್ಕ, ನಾನು ಮೇಜಿನ ಮುಂದೆ. ಉದ್ದದವನ್ನೂ ಗಿಡ್ಡದವನ್ನೂ ಬೇರೆ ಮಾಡಿದೆವು. ಪ್ರತಿ ತೂತಿನ ಆಳವನ್ನು ಸೂಜಿ ಇಳಿಸಿ ನೋಡುತ್ತಿದ್ದೆ, ಅದಕ್ಕೆ ತಕ್ಕುದನ್ನು ಅವಳು ಕೊಡುತ್ತಿದ್ದಳು. "ಎರಡು ಬೆರಳಲ್ಲಿ ತಿರುಗಬೇಕು. ತಿರುಗದಿದ್ರೆ ಬಲವಂತ ಮಾಡ್ಬೇಡ, ಅದು ಆ ಮನೇದಲ್ಲ" ಎನ್ನುತ್ತಿದ್ದಳು. ಒಂದು ಸ್ಕ್ರೂ ಕಡಿಮೆ ಬಿತ್ತು. ಡಬ್ಬಿ ಸುರಿದೆವು, ಕಸ ಗುಡಿಸಿದೆವು, ಮಾವನ ಜೇಬು ತಡಕಿದೆವು. ಕೊನೆಗೆ ನೋಡಿದರೆ ಅಮ್ಮ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಗುಂಡುಸೂಜಿಯ ಅಯಸ್ಕಾಂತಕ್ಕೆ ಅಂಟಿಕೊಂಡು ಕೂತಿದೆ. ಮೂರು ದಿನದಿಂದ ಅಮ್ಮ ಅದನ್ನು ಬಳೆಯ ಹಾಗೆ ಹಾಕಿಕೊಂಡು ಓಡಾಡಿದ್ದಾಳೆ.

ಪರದೆ ಹೊತ್ತಿಕೊಂಡಿತು. ನಿಂತಿತು. ಸಕ್ಕರೆ ಡಬ್ಬಿಯ ಹಂಗಿಲ್ಲದೆ.

ಮಾವ ಚಪ್ಪಾಳೆ ತಟ್ಟಿ ಅದನ್ನು ಒಳಕೋಣೆಗೆ ಎತ್ತಿಕೊಂಡು ಹೋಗಲು ಕೈ ಹಾಕಿದರು. ಅಮ್ಮ ತಟ್ಟನೆ ಅವರ ಕೈ ಹಿಡಿದಳು.

"ಮುಟ್ಟೀಯ ಜೋಕೆ! ಪೂರ್ತಿ ಬಲ ಬರೋಕೆ ಮೂರು ದಿನ ಬೇಕು ಅಂತ ಪೊಟ್ಟಣದ ಮೇಲೆ ಬರೆದಿದೆ. ಇದಿನ್ನೂ ಕಚ್ಚಾ ಹೊಲಿಗೆ. ಎತ್ತೋ ಹಾಗಿಲ್ಲ, ಮಡಚೋ ಹಾಗಿಲ್ಲ."

"ಮತ್ತೆ ನಾಳೆ ಪಾಠ?"

"ಇಲ್ಲೇ. ಇದೇ ಮೇಜಿನ ಮೇಲೆ."

ಅಂದರೆ ಮುಂಗೋಣೆಯಲ್ಲಿ. ಬೀದಿಯ ಬಾಗಿಲು, ಬೆಂಚು, ಬಂದುಹೋಗುವವರು. ನನ್ನ ಮುಚ್ಚಿದ ಬಾಗಿಲಿನ ಆಸೆ ಅಲ್ಲಿಗೆ ಮುಗಿಯಿತು.

ಸೆಪ್ಟೆಂಬರ್ ೧೩, ಶುಕ್ರವಾರ

ಅಮ್ಮ ಬೆಳಿಗ್ಗೆ ಬೀದಿ ಬಾಗಿಲು ಹಾಕಲು ಹೊರಟಳು. ಆ ಹೊತ್ತಿಗೆ ನರ್ಸಮ್ಮ ಬಂದು ಬೆಂಚಿನ ಮೇಲೆ ಕೂತಾಗಿತ್ತು, ಅಂಗಿ ಬಿಗಿ. ಅಮ್ಮ ಅವರಿಗೆ ಕಣ್ಸನ್ನೆ ಮಾಡಿದಳು. "ಇರಲಿ ಬಿಡಮ್ಮ, ಕೂತಿರ್ಲಿ, ಪಾಪ ಅಷ್ಟು ದೂರದಿಂದ ಬಂದಿದ್ದಾರೆ" ಎಂದೆ. ನರ್ಸಮ್ಮ ಬಾಯಿಗೆ ಬೀಗ ಹಾಕಿದ ಹಾಗೆ ಸನ್ನೆ ಮಾಡಿ ತೋರಿಸಿದರು. ಆ ಬೀಗಕ್ಕೆ ಕೀಲಿಕೈ ಇಲ್ಲ ಎಂದು ಎಲ್ಲರಿಗೂ ಗೊತ್ತು.

ಪರದೆಯಲ್ಲಿ ಮುಖ್ಯೋಪಾಧ್ಯಾಯಿನಿ, ಭಾಷಾ ಮೇಷ್ಟರು. ಸ್ವಲ್ಪ ಹೊತ್ತಿಗೆ ಇಬ್ಬರೂ ಕ್ಯಾಮೆರಾ ಆರಿಸಿದರು. ಎರಡು ಕಪ್ಪು ಚೌಕ. "ಶುರುಮಾಡಿ" ಎಂದಿತು ಒಂದು ಚೌಕ.

ಶುರುಮಾಡಿದೆ. ಪುಟ ತೋರಿಸಿದೆ. ಆಮೇಲೆ ಹೇಳಿದೆ: "ಒಂದು ವಸ್ತು ಇದೆ. ಎರಡನ್ನು ಹಿಡ್ಕೊಂಡಿರತ್ತೆ, ಯಾವ ಕಡೆಗೂ ಸೇರಿದ್ದಲ್ಲ. ಸರಿಯಾಗಿ ಕೆಲಸ ಮಾಡುವಾಗ ಯಾರೂ ಅದನ್ನ ನೋಡಲ್ಲ. ಬಿಗಿಯಾದ್ರೆ ಪಕ್ಕದವರನ್ನ ಮುರಿಯತ್ತೆ, ತೀರಾ ಸಡಿಲಾದ್ರೆ ಯಾರನ್ನೂ ನಿಲ್ಲಿಸಲ್ಲ. ಏನದು?"

ಹೊರಗೆ ಸೈಕಲ್ ಬೆಲ್ಲು ಕೇಳಿಸಿತು. ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ—

"ಅತ್ತೆ ಸೊಸೆ ಮಧ್ಯದ ಗಂಡ!"

ಅಮ್ಮ ನರ್ಸಮ್ಮನ ತೋಳು ಹಿಡಿದದ್ದು ಪರದೆಯ ಮೂಲೆಯಲ್ಲಿ ಕಂಡಿತು. ನನಗೂ ನಗು ತಡೆಯಲಾಗಲಿಲ್ಲ. "ಅದೂ ಸರಿಯೇ" ಎಂದೆ, "ಯಾವ ಮಾತು ಕೇಳಿ ಹಾಗೆ ಅನ್ನಿಸ್ತು ಹೇಳಿ." ನರ್ಸಮ್ಮ ಎದ್ದು ನಿಂತು, "ಯಾವ ಕಡೆಗೂ ಸೇರಿದ್ದಲ್ಲ ಅಂದ್ರಲ್ಲ ಟೀಚರ್, ನಮ್ಮ ಯಜಮಾನ್ರೇ ಕಣ್ಮುಂದೆ ಬಂದ್ರು" ಎಂದರು. ಒಂದು ಚೌಕ ಬೆಳಗಿತು. ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಇನ್ನೊಂದೂ ಬೆಳಗಿತು. "ಕೀಲು ಅಲ್ವೇನಮ್ಮಾ?" ಎಂದರು ಮೇಷ್ಟರು. "ಹೌದು ಸಾರ್, ನಿಮಗೆ ಕಾಣಿಸ್ತಿರೋ ಈ ಚಿತ್ರವನ್ನ ಅದೇ ಈಗ ಹಿಡ್ಕೊಂಡಿರೋದು" ಎಂದೆ. ಅಲ್ಲಿಂದ ಮುಂದೆ ಪಾಠ ಹೇಗೆ ಮುಗಿಯಿತೋ ತಿಳಿಯಲಿಲ್ಲ. ಪರದೆ ಒಂದು ಕೂದಲೆಳೆಯಷ್ಟೂ ವಾಲಲಿಲ್ಲ. ಕ್ಯಾನ್ವಾಸಿಗೆ, ಮೇಣಕ್ಕೆ, ಎಣ್ಣೆಯ ಆ ಒಂದು ಹನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಕೊನೆಯಲ್ಲಿ ಮಾತ್ರ ಒಂದು ಮಾತು ಚುಚ್ಚಿತು. ಮುಖ್ಯೋಪಾಧ್ಯಾಯಿನಿ, "ಒಂದು ಸಲಹೆ. ಸ್ವಲ್ಪ ಮೆಲ್ಲಗೆ ಮಾತಾಡಿದ್ರೂ ನಮಗೆ ಕೇಳಿಸತ್ತೆ" ಎಂದರು. ಧ್ವನಿಯ ವಿಷಯದಲ್ಲಿ ಈ ಸಲವೂ ಎಡವಿದೆ. ಸಂಜೆ ಇದನ್ನು ಹೇಳಿದಾಗ ಮಾವ ಕುರ್ಚಿಯಿಂದ ಜಾರುವಷ್ಟು ನಕ್ಕರು. ಅಮ್ಮ ನಗಲಿಲ್ಲ, ನನ್ನ ತಲೆ ಸವರಿ ಒಳಗೆ ಹೋದಳು. ಅದರಲ್ಲಿ ನಗುವಂಥದ್ದೇನಿದೆಯೋ.

ಸೆಪ್ಟೆಂಬರ್ ೧೮, ಬುಧವಾರ

ಕೆಲಸ ಸಿಕ್ಕಿತು. ಒಂದನೇ ತಾರೀಕಿನಿಂದ.

ನರ್ಸಮ್ಮನಿಗೂ ಹೇಳಿ ಕಳಿಸಿದೆ. ಲ್ಯಾಪ್‌ಟಾಪ್ ಇವತ್ತು ಮೊದಲ ಸಲ ಮುಚ್ಚಿದೆ, ಒಂದೇ ಬೆರಳಲ್ಲಿ. ಸದ್ದೇ ಆಗಲಿಲ್ಲ.

ಅಕ್ಟೋಬರ್ ೧, ಮಂಗಳವಾರ

ಬೇಗ ಬೇಗ ಬರೆಯುತ್ತೇನೆ, ಮುಂದಿನ ಪಾಠಕ್ಕೆ ತಯಾರಾಗಬೇಕು. ಮಕ್ಕಳು ಬಲು ತುಂಟರು. ಸುತ್ತಿಗೆಯನ್ನು ವರ್ಣಿಸಿದರೆ ಒಬ್ಬಳು ಗಣಿತದ ಮೇಷ್ಟರ ಹೆಸರು ಹೇಳಿದಳು.

ಅಮ್ಮ ಹಳೆಯ ಕೋಟಿನ ಬಟ್ಟೆಯಲ್ಲಿ ಲ್ಯಾಪ್‌ಟಾಪಿಗೆ ಚೀಲ ಹೊಲಿದುಕೊಟ್ಟಿದ್ದಾಳೆ. ಕೀಲಿನ ಕಡೆಗೆ ಎರಡು ಪದರ ಕ್ಯಾನ್ವಾಸು. ಬಸ್ಸು ತುಂಬಿತ್ತು. ಒಬ್ಬ ಅಜ್ಜಿಗೆ ಬಾಗಿಲವರೆಗೆ ಹೋಗಲು ದಾರಿಯೇ ಇರಲಿಲ್ಲ. "ಜಾಗ ಬಿಡ್ರೀ, ಇಳಿಯೋರಿದ್ದಾರೆ, ಡ್ರೈವರ್ ನಿಲ್ಸಿ!" ಎಂದು ಕೂಗಬೇಕಾಯಿತು. ಆ ನೂಕುನುಗ್ಗಲಲ್ಲಿ ಚೀಲಕ್ಕೆ ಏನಾದರೂ ಆಯಿತೇ ಎಂಬುದೇ ನನ್ನ ಚಿಂತೆ. ಏನೂ ಆಗಿರಲಿಲ್ಲ.

ಬೀದಿಯಲ್ಲೇ ಚಪ್ಪಲಿ ಬಿಟ್ಟು ಒಳಗೆ ಓಡಿದೆ. ಮೇಜಿನ ಮೇಲೆ ಯೂನಿಫಾರ್ಮಿನ ಗಂಟು ಇರಲಿಲ್ಲ. ಬೆಂಚು ಖಾಲಿ. ಅಮ್ಮ ಕುರ್ಚಿಗೆ ಒರಗಿ, ಭುಜಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು, ಬೀದಿ ನೋಡುತ್ತ ಸುಮ್ಮನೆ ಕೂತಿದ್ದಳು. ಅವಳು ಹಾಗೆ ಕೂತದ್ದನ್ನು ನಾನು ಕಂಡೇ ಇಲ್ಲ.

"ಅಮ್ಮಾ! ಇವತ್ತು ಏನಾಯ್ತು ಗೊತ್ತಾ?"

ಅಮ್ಮ ಬೆಚ್ಚಿಬಿದ್ದು ನನ್ನ ಕಡೆ ತಿರುಗಿದಳು.

"ಮೆಲ್ಲಗೆ ಹೇಳೇ ಮಾರಾಯ್ತಿ" ಎಂದಳು, "ಮಷೀನು ನಿಂತಿದೆ."